ಯುದ್ಧವಿಮಾನದ ಸಾವಿರ ಕಣ್ಣು

೨೦೨೫ನೆಯ ಇಸವಿ ಸೆಪ್ಟೆಂಬರ್ ೨೫ರಂದು ಭಾರತದ ರಕ್ಷಣಾ ಸಚಿವಾಲಯವು ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯೊಡನೆ ೯೭ ತೇಜಸ್ ವಿಮಾನಗಳಿಗಾಗಿ ಕರಾರು ಮಾಡಿಕೊಂಡಿತು. ಕರಾರಿನ ಮೊತ್ತವು ೬೨,೩೭೦ ಕೋಟಿ ರೂಪಾಯಿಗಳಿಗೂ ಮೇಲ್ಪಟ್ಟುದು. ಮೊತ್ತವನ್ನು ಕಂಡು ಹುಬ್ಬೇರಿಸಿದವರು ಹಲವರು. ವಿಮಾನಗಳು ಕೈಗೆ ಬರುವುದೆಂದಿಗೆ ಎಂದು ಕೇಳಿದವರು ಇನ್ನೂ ಹಲವರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಸರ್ಕಾರದ ಅದೇ ಪ್ರಕಟನೆಯಲ್ಲಿ, ಈ ವಿಮಾನಗಳಿಗೆ ‘ಉತ್ತಮ್’ ಎಂಬ ಸ್ವದೇಶೀ ರೇಡಾರನ್ನು ಅಳವಡಿಸಲಾಗುವುದೆಂಬ ಒಂದು ಮಾತೂ ಇದ್ದಿತು. ಮೊತ್ತದ ಗದ್ದಲದಲ್ಲಿ ಆ ಮಾತು ಬಹುಮಂದಿಯ ಕಿವಿಗೆ ಬೀಳಲಿಲ್ಲವೆಂದು ತೋರುತ್ತದೆ. ತೇಜಸ್ಸಿನ ಎಂಜಿನ್ ಇಂದಿಗೂ ಅಮೆರಿಕದ್ದು; ಅದರ ಕಣ್ಣು ನಮ್ಮದಾಗುವುದೆಂದರೆ ಅದರ ಅರ್ಥವೇನು, ಆ ಕಣ್ಣು ನೋಡುವ ಬಗೆ ಎಂತಹುದು ಎಂಬುದನ್ನು ಸ್ವಲ್ಪ ವಿಚಾರಮಾಡಬೇಕಾಗಿದೆ.

ರೇಡಾರಿನ ಮೂಲತತ್ತ್ವವು ಸರಳವಾದುದು. ಬೆಟ್ಟದ ಎದುರು ನಿಂತು ಕೂಗಿದರೆ ಮಾರ್ದನಿ ಬರುವುದನ್ನು ಎಲ್ಲರೂ ಬಲ್ಲರು. ಎಷ್ಟು ತಡವಾಗಿ ಬಂದಿತೆಂಬುದರಿಂದ ಬೆಟ್ಟದ ದೂರವನ್ನು ಊಹಿಸಬಹುದು. ರೇಡಾರ್ ಕೂಗುವುದು ರೇಡಿಯೋ ಅಲೆಗಳಿಂದ. ಈ ಅಲೆಗಳು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡುವುದರಿಂದ, ೧೫೦ ಕಿಲೋಮೀಟರ್ ದೂರದಲ್ಲಿರುವ ವಿಮಾನಕ್ಕೆ ತಾಗಿ ಮರಳಿ ಬರಲು ಅವಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಪಾಲು ಸಾಕು. ಎದುರಿನ ವಿಮಾನವು ನಮ್ಮೆಡೆಗೆ ಬರುತ್ತಿದ್ದರೆ ಮರಳಿದ ಅಲೆಯ ಆವರ್ತನವು ತುಸು ಏರಿರುತ್ತದೆ. ದೂರ ಸರಿಯುತ್ತಿದ್ದರೆ ತುಸು ಇಳಿದಿರುತ್ತದೆ. ನಿಲ್ದಾಣದೊಳಕ್ಕೆ ನುಗ್ಗಿ ಬರುವ ರೈಲಿನ ಸಿಳ್ಳು ಕಿವಿಗೆ ಹೆಚ್ಚು ಕೀರಲಾಗಿ ಕೇಳುವುದಷ್ಟೆ? ಇದೂ ಅದೇ ನಿಯಮ. ಎರಡು ವಿಮಾನಗಳು ಸೆಕೆಂಡಿಗೆ ೬೦೦ ಮೀಟರ್ ವೇಗದಲ್ಲಿ ಒಂದನ್ನೊಂದು ಸಮೀಪಿಸುತ್ತಿದ್ದರೂ ಈ ವ್ಯತ್ಯಾಸವು ಹತ್ತು ಲಕ್ಷದಲ್ಲಿ ನಾಲ್ಕು ಪಾಲಿನಷ್ಟು ಮಾತ್ರ. ಅಷ್ಟನ್ನು ಗುರುತಿಸಿ, ನೆಲದಿಂದಲೂ ಗುಡ್ಡದಿಂದಲೂ ಬಂದ ಮಾರ್ದನಿಗಳ ರಾಶಿಯಲ್ಲಿ ಚಲಿಸುವ ವಿಮಾನವೊಂದನ್ನೇ ಆರಿಸಿ ತೆಗೆಯುವುದು ರೇಡಾರಿನ ವಿದ್ಯೆಯಲ್ಲಿ ಅರ್ಧ ಭಾಗ.

ಇನ್ನೊಂದು ಕಷ್ಟವುಂಟು. ಹೋಗುವಾಗ ಅಲೆಯು ಹರಡಿ ಕ್ಷೀಣಿಸುತ್ತದೆ. ಮರಳುವಾಗ ಮತ್ತೊಮ್ಮೆ ಹರಡಿ ಕ್ಷೀಣಿಸುತ್ತದೆ. ಇದರ ಫಲವಾಗಿ, ಒಂದು ರೇಡಾರ್ ಈಗ ನೋಡುವುದರ ಇಮ್ಮಡಿ ದೂರ ನೋಡಬೇಕಾದರೆ ಅದರ ಶಕ್ತಿಯನ್ನು ಹದಿನಾರು ಮಡಿ ಹೆಚ್ಚಿಸಬೇಕಾಗುವುದು. ವಿಮಾನದ ಮೂಗಿನಲ್ಲಿ ಅಷ್ಟು ಸ್ಥಳವೂ ಇಲ್ಲ, ಅಷ್ಟು ವಿದ್ಯುತ್ತೂ ಇಲ್ಲ. ಆದುದರಿಂದ ಇರುವ ಶಕ್ತಿಯನ್ನು ನಾಲ್ಕು ದಿಕ್ಕಿಗೂ ಚೆಲ್ಲದೆ ಸಣ್ಣ ಕಿರಣವಾಗಿ ಕೂಡಿಸಿ ಬೇಕಾದ ಕಡೆಗೆ ತಿರುಗಿಸುವುದೊಂದೇ ಉಪಾಯವಾಗಿ ಉಳಿಯಿತು.

ದಶಕಗಳ ಕಾಲ ಈ ಕೆಲಸವನ್ನು ಮಾಡಿದುದು ಮೋಟಾರಿನಿಂದ ತಿರುಗುವ ತಟ್ಟೆ. ವಿಮಾನದ ಮೂಗಿನೊಳಗೆ ಲೋಹದ ತಟ್ಟೆಯೊಂದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತಲೆಯಾಡಿಸುತ್ತ, ಮೂರು ಡಿಗ್ರಿಯಷ್ಟು ಅಗಲದ ಕಿರಣದಿಂದ ಆಕಾಶವನ್ನು ಗುಡಿಸುತ್ತಿತ್ತು. ಕತ್ತಲೆಯ ಹಜಾರದಲ್ಲಿ ಕೈದೀಪವೊಂದನ್ನು ಹಿಡಿದು ಹುಡುಕುವವನ ಸ್ಥಿತಿಯೇ ಅದರದೂ. ದೀಪವನ್ನು ಒಬ್ಬ ಕಳ್ಳನ ಮೇಲೆ ನಿಲ್ಲಿಸಿದರೆ ಮಿಕ್ಕ ಮೂಲೆಗಳು ಕತ್ತಲಾಗುತ್ತವೆ. ಮೂಲೆಗಳನ್ನು ನೋಡಹೋದರೆ ಕಳ್ಳನು ಸರಿದುಬಿಡುತ್ತಾನೆ. ತಟ್ಟೆಯು ಒಂದು ಸುತ್ತು ಮುಗಿಸಿ ಮೊದಲಿನ ಸ್ಥಳಕ್ಕೆ ಬರಲು ಮೂರು ಸೆಕೆಂಡು ಹಿಡಿದರೆ, ನಾವು ಮೇಲೆ ಹೇಳಿದ ಎರಡು ವಿಮಾನಗಳ ನಡುವಣ ಅಂತರವು ಅಷ್ಟರಲ್ಲಿ ೧,೮೦೦ ಮೀಟರ್ ಕಡಮೆಯಾಗಿರುವುದು. ಲೋಹಕ್ಕೆ ತೂಕವಿದೆ, ತೂಕಕ್ಕೆ ಜಡತ್ವವಿದೆ. ಯಾವ ಮೋಟಾರೂ ಅದನ್ನು ಕ್ಷಣಮಾತ್ರದಲ್ಲಿ ತಿರುಗಿಸಲಾರದು.

ಹಾಗಾದರೆ ತಟ್ಟೆಯನ್ನು ತಿರುಗಿಸದೆಯೇ ಕಿರಣವನ್ನು ತಿರುಗಿಸಲು ಸಾಧ್ಯವೆ? ಸಾಧ್ಯವೆಂದು ಜರ್ಮನಿಯ ವಿಜ್ಞಾನಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ೧೯೦೫ರಷ್ಟು ಹಿಂದೆಯೇ ತೋರಿಸಿದ್ದನು. ಇವನೇ ೧೯೦೯ರಲ್ಲಿ ಮಾರ್ಕೋನಿಯೊಡನೆ ನೊಬೆಲ್ ಬಹುಮಾನವನ್ನು ಹಂಚಿಕೊಂಡವನು. ಅವನ ಯುಕ್ತಿಯನ್ನು ನಮ್ಮ ಊರಿನ ಕಲ್ಯಾಣಿಯ ದಡದಲ್ಲಿ ನಿಂತು ತಿಳಿಯಬಹುದು. ಮೆಟ್ಟಿಲಿನ ಮೇಲೆ ಹತ್ತು ಮಂದಿ ಹುಡುಗರನ್ನು ಒತ್ತೊತ್ತಾಗಿ ಸಾಲಿನಲ್ಲಿ ನಿಲ್ಲಿಸಿ, ಎಲ್ಲರೂ ಒಂದೇ ಕ್ಷಣದಲ್ಲಿ ನೀರಿಗೆ ಕಲ್ಲು ಬಿಡಬೇಕೆಂದು ಹೇಳಿರಿ. ಒಂದೊಂದು ಕಲ್ಲಿನಿಂದಲೂ ಉಂಗುರದಂತೆ ಅಲೆ ಏಳುತ್ತದೆ. ಆದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಉಂಗುರಗಳು ಕೂಡಿ ಒಂದೇ ನೇರವಾದ ಅಲೆಯಾಗಿ ಎದುರುದಡದ ಕಡೆಗೆ ಸಾಗುತ್ತವೆ. ಈಗ ಎಡತುದಿಯ ಹುಡುಗನು ಮೊದಲು, ಅವನ ಪಕ್ಕದವನು ಕಣ್ಣುರೆಪ್ಪೆ ಹಾಕುವಷ್ಟು ತಡವಾಗಿ, ಅವನ ಪಕ್ಕದವನು ಮತ್ತಷ್ಟು ತಡವಾಗಿ, ಹೀಗೆ ಕ್ರಮದಿಂದ ಕಲ್ಲು ಬಿಡಲಿ. ಕೂಡಿದ ಅಲೆಯು ನೇರವಾಗಿ ಹೋಗದೆ ಬಲಕ್ಕೆ ಓರೆಯಾಗಿ ಸಾಗುತ್ತದೆ. ಹುಡುಗರಲ್ಲಿ ಯಾರೂ ನಿಂತ ಸ್ಥಳದಿಂದ ಕದಲಲಿಲ್ಲ. ಕಾಲದ ಅಂತರದಿಂದಲೇ ದಿಕ್ಕು ಬದಲಾಯಿತು.

ಯುದ್ಧವಿಮಾನದ ಹೊಸ ರೇಡಾರಿನಲ್ಲಿ ಹುಡುಗರ ಬದಲು ಪುಟ್ಟ ಪುಟ್ಟ ಆಂಟೆನಾಗಳ ವ್ಯೂಹವಿರುತ್ತದೆ. ಅದು ಬಳಸುವ ಅಲೆಯ ಉದ್ದವು ಸುಮಾರು ೩ ಸೆಂಟಿಮೀಟರ್. ಆಂಟೆನಾಗಳು ಅದರ ಅರ್ಧದಷ್ಟು, ಎಂದರೆ ಒಂದೂವರೆ ಸೆಂಟಿಮೀಟರ್ ಅಂತರದಲ್ಲಿರುತ್ತವೆ. ಅದಕ್ಕಿಂತ ಬಹಳ ದೂರ ಇಟ್ಟರೆ ಬೇಡವಾದ ದಿಕ್ಕುಗಳಲ್ಲಿಯೂ ಕಿರಣಗಳು ಹೊರಟು ಮೋಸವಾಗುವುದು. ೬೦ ಸೆಂಟಿಮೀಟರ್ ಅಡ್ಡಳತೆಯ ಒಂದು ದುಂಡು ಹಲಗೆಯಲ್ಲಿ ಇಂತಹವು ಸಾವಿರಕ್ಕೂ ಮೇಲ್ಪಟ್ಟು ಹಿಡಿಯುತ್ತವೆಂದು ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು. ಕಿರಣವನ್ನು ೩೦ ಡಿಗ್ರಿ ಓರೆಮಾಡಬೇಕಾದರೆ ಒಂದು ಆಂಟೆನಾಕ್ಕೂ ಪಕ್ಕದ ಆಂಟೆನಾಕ್ಕೂ ನಡುವೆ ಇರಬೇಕಾದ ಅಂತರವು ಅಲೆಯ ಕಾಲು ಭಾಗ ಮಾತ್ರ. ಕಾಲದಲ್ಲಿ ಹೇಳುವುದಾದರೆ, ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಇಪ್ಪತ್ತೈದು ಪಾಲು! ಕಲ್ಯಾಣಿಯ ಹುಡುಗರಿಂದ ಈ ಶಿಸ್ತನ್ನು ನಿರೀಕ್ಷಿಸುವಂತಿಲ್ಲ; ವಿದ್ಯುನ್ಮಾನ ಮಂಡಲಗಳು ಅದನ್ನು ಅನಾಯಾಸವಾಗಿ ಪಾಲಿಸುತ್ತವೆ. ಅಲೆಯ ಏರಿಳಿತದ ಹಂತವನ್ನು ಹೀಗೆ ಹಿಂದುಮುಂದು ಮಾಡುವ ಪುಟ್ಟ ಉಪಕರಣಕ್ಕೆ ಫೇಸ್ ಶಿಫ್ಟರ್ ಎಂದು ಹೆಸರು. ಮಾರ್ದನಿಯನ್ನು ಆಲಿಸುವಾಗಲೂ ಅದೇ ಕ್ರಮವನ್ನು ತಿರುವುಮುರುವಾಗಿ ಅನುಸರಿಸುವುದರಿಂದ, ಕೂಗಿದ ದಿಕ್ಕಿಗೇ ಕಿವಿಯೂ ತಿರುಗಿರುತ್ತದೆ.

ಈ ಯುಕ್ತಿಯು ಯುದ್ಧವಿಮಾನದ ಮೂಗನ್ನು ಸೇರಲು ಮುಕ್ಕಾಲು ಶತಮಾನ ಬೇಕಾಯಿತು. ೧೯೮೧ರಲ್ಲಿ ಸೋವಿಯತ್ ಸೇನೆಯನ್ನು ಸೇರಿದ ಮಿಗ್-೩೧ ವಿಮಾನದ ‘ಜಸ್ಲೋನ್’ ಎಂಬುದೇ ಇಂತಹ ಮೊದಲ ರೇಡಾರು. ಅದು ಒಂದು ಟನ್ನಿನಷ್ಟು ಭಾರವಾಗಿದ್ದಿತು; ವಿಮಾನವೂ ಅದಕ್ಕೆ ತಕ್ಕ ದೈತ್ಯನೇ. ನಮ್ಮ ವಾಯುಸೇನೆಯ ಸುಖೋಯ್-೩೦ ವಿಮಾನಗಳಲ್ಲಿರುವ ‘ಬಾರ್ಸ್’ ರೇಡಾರು ಸಹ ಈ ಕುಲದ್ದೇ. ಇವುಗಳನ್ನು ನಿಷ್ಕ್ರಿಯ ವ್ಯೂಹಗಳೆಂದು ಕರೆಯುವರು. ಏತಕ್ಕೆಂದರೆ ಇಲ್ಲಿ ಅಲೆಯನ್ನು ಹುಟ್ಟಿಸುವ ದೊಡ್ಡ ಕೊಳವೆಯು ಹಿಂದೆ ಒಂದೇ ಇರುತ್ತದೆ. ಮುಂದಿನ ಆಂಟೆನಾಗಳು ಅದು ಕೊಟ್ಟುದನ್ನು ಹಂತ ಬದಲಿಸಿ ದಾಟಿಸುತ್ತವೆ, ಅಷ್ಟೆ. ದಾಟಿಸುವ ದಾರಿಯಲ್ಲಿ ಶಕ್ತಿಯ ಒಂದು ಪಾಲು ಸೋರಿಹೋಗುತ್ತದೆ. ಮರಳಿ ಬಂದ ದುರ್ಬಲವಾದ ಮಾರ್ದನಿಯೂ ಅದೇ ದಾರಿಯಲ್ಲಿ ಸವೆಯುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಆ ಒಂದು ಕೊಳವೆ ಕೆಟ್ಟಿತೆಂದರೆ ವಿಮಾನವು ಕುರುಡಾದಂತೆಯೇ.

ಸಕ್ರಿಯ ವ್ಯೂಹವು ಈ ದೋಷವನ್ನು ಬುಡಸಹಿತ ಕಿತ್ತುಹಾಕಿತು. ತಜ್ಞರು ‘ಏಸಾ’ ಎಂದು ಕರೆಯುವುದು ಇದನ್ನೇ. ಇದರಲ್ಲಿ ಒಂದೊಂದು ಆಂಟೆನಾದ ಬೆನ್ನಿಗೂ ಒಂದೊಂದು ಸಂಪೂರ್ಣವಾದ ಪುಟ್ಟ ರೇಡಿಯೋ ಇರುತ್ತದೆ: ಕಳುಹಿಸುವ ವರ್ಧಕ, ಆಲಿಸುವ ವರ್ಧಕ, ಹಂತ ಬದಲಿಸುವ ಉಪಕರಣ ಎಲ್ಲವೂ ಬೆರಳಿನಷ್ಟು ಗಾತ್ರದ ಒಂದು ಘಟಕದಲ್ಲಿ. ಇಂತಹ ಘಟಕವೊಂದು ಹೊರಡಿಸುವ ಶಕ್ತಿಯು ಹತ್ತು ವಾಟಿನ ಆಸುಪಾಸು. ಮನೆಯ ಪಡಸಾಲೆಯಲ್ಲಿ ಉರಿಯುವ ಎಲ್‌ಇಡಿ ದೀಪದಷ್ಟು. ಸಾವಿರ ದೀಪಗಳು ಹೆಜ್ಜೆ ಕೂಡಿಸಿದಾಗ ಮಾತ್ರ ಅದರ ಪ್ರತಾಪ. ಜಪಾನಿನ ಎಫ್-೨ ವಿಮಾನವು ೨೦೦೦ದ ಸುಮಾರಿಗೆ ಇಂತಹ ರೇಡಾರನ್ನು ಹೊತ್ತು ಮೊದಲಿಗೆ ಸೇವೆಗೆ ಬಂದವುಗಳಲ್ಲೊಂದು. ಅಮೆರಿಕದ ಎಫ್-೨೨ ವಿಮಾನವು ೨೦೦೫ರಲ್ಲಿ ಬಂದಿತು. ೨೦೨೦ರ ಜುಲೈ ತಿಂಗಳಿನಿಂದ ನಮ್ಮ ದೇಶಕ್ಕೆ ಬಂದ ಫ್ರಾನ್ಸಿನ ರಫಾಲ್ ವಿಮಾನಗಳಲ್ಲಿಯೂ ಏಸಾ ರೇಡಾರೇ ಇದೆ.

ಇಂದ್ರನನ್ನು ಸಹಸ್ರಾಕ್ಷನೆನ್ನುವರಾದುದರಿಂದ ಈ ರೇಡಾರಿಗೂ ಆ ಬಿರುದನ್ನು ಕೊಡುವ ಆಸೆ ಲೇಖಕರಿಗೆ ಸಹಜವಾಗಿಯೇ ಆಗುತ್ತದೆ. ಹೋಲಿಕೆಯು ಅರ್ಧ ಮಾತ್ರ ಸರಿ. ಸಾವಿರ ಕಣ್ಣುಗಳೂ ಬೇರೆ ಬೇರೆಯಾಗಿ ನೋಡುವುದಿಲ್ಲ. ಅವೆಲ್ಲ ಕೂಡಿ ಒಂದೇ ದೃಷ್ಟಿಯಾಗುತ್ತವೆ, ಅಗತ್ಯವಾದಾಗ ಎರಡು ಮೂರು ದೃಷ್ಟಿಗಳಾಗಿ ಹಂಚಿಕೊಳ್ಳುತ್ತವೆ. ಕಿರಣವು ಎಡದ ಅಂಚಿನಿಂದ ಬಲದ ಅಂಚಿಗೆ ಹಾರಲು ಸೆಕೆಂಡಿನ ಅತ್ಯಲ್ಪ ಭಾಗ ಸಾಕಾದುದರಿಂದ, ಆಕಾಶದಲ್ಲಿ ಹತ್ತಾರು ವಿಮಾನಗಳ ಬೆನ್ನು ಹತ್ತಿರುವಾಗಲೇ ನಡುನಡುವೆ ನೆಲದ ನಕ್ಷೆಯನ್ನೂ ಬರೆದುಕೊಳ್ಳಬಹುದು. ನೂರರಲ್ಲಿ ನಾಲ್ಕೈದು ಘಟಕಗಳು ಕೆಟ್ಟರೂ ದೃಷ್ಟಿಯು ತುಸು ಮಂದವಾಗುತ್ತದೆಯೇ ಹೊರತು ಆರಿಹೋಗುವುದಿಲ್ಲ. ಶತ್ರುವು ಸುಳ್ಳು ಅಲೆಗಳನ್ನು ಹರಡಿ ರೇಡಾರಿನ ಕಣ್ಣಿಗೆ ಮಣ್ಣೆರಚುವ ಪದ್ಧತಿಯೊಂದುಂಟು. ಅವನಿಗೆ ಮೊದಲು ರೇಡಾರಿನ ಆವರ್ತನವು ತಿಳಿಯಬೇಕು. ಏಸಾ ರೇಡಾರು ಒಂದು ಕೂಗಿಗೂ ಮುಂದಿನ ಕೂಗಿಗೂ ಆವರ್ತನವನ್ನು ಬದಲಿಸುತ್ತ, ಕಿರಣವನ್ನು ಗೊತ್ತಾದ ಕ್ರಮವಿಲ್ಲದೆ ಅಲ್ಲಿಂದಿಲ್ಲಿಗೆ ನೆಗೆಸುತ್ತ ಹೋಗುವುದರಿಂದ ಅವನ ಕೆಲಸವು ಬಲು ಕಷ್ಟವಾಗುತ್ತದೆ. ಅಸಾಧ್ಯವಾಗುತ್ತದೆಂದು ಹೇಳುವವರನ್ನು ನಂಬಬೇಕಾಗಿಲ್ಲ. ಕೂಗಿದವನು ತಾನಿರುವ ಸ್ಥಳವನ್ನು ಸ್ವಲ್ಪವಾದರೂ ಬಿಟ್ಟುಕೊಡಲೇಬೇಕು.

ದೋಷಗಳೂ ಉಂಟು. ಹಲಗೆಯು ಅಲುಗದೆ ನಿಂತಿರುವುದರಿಂದ, ಕಿರಣವು ಓರೆಯಾದಷ್ಟೂ ಆ ದಿಕ್ಕಿನಿಂದ ನೋಡಿದರೆ ಹಲಗೆಯ ಅಗಲವು ಕಿರಿದಾಗುತ್ತ ಹೋಗುತ್ತದೆ; ೬೦ ಡಿಗ್ರಿಗೆ ಅದು ಸರಿಯಾಗಿ ಅರ್ಧವಾಗುತ್ತದೆ. ಅದರಾಚೆಗೆ ನೋಟವು ನಿರುಪಯುಕ್ತ. ಬೆಂಗಳೂರಿನಲ್ಲಿ ಸಿದ್ಧವಾಗಿ ೨೦೧೭ರ ಫೆಬ್ರವರಿಯಲ್ಲಿ ಯಲಹಂಕದ ವಿಮಾನ ಪ್ರದರ್ಶನದ ಸಂದರ್ಭದಲ್ಲಿ ವಾಯುಸೇನೆಗೆ ಒಪ್ಪಿಸಲಾದ ‘ನೇತ್ರ’ ಎಂಬ ಕಾವಲು ವಿಮಾನವನ್ನು ಕಂಡವರು, ಅದರ ಬೆನ್ನಿನ ಮೇಲೆ ಉದ್ದನೆಯ ತೊಲೆಯಂತಹುದೊಂದನ್ನು ನೋಡಿರಬಹುದು. ಆ ತೊಲೆಯ ಎರಡು ಪಕ್ಕಗಳಲ್ಲಿಯೂ ಏಸಾ ವ್ಯೂಹಗಳಿವೆ. ಒಂದೊಂದು ಪಕ್ಕಕ್ಕೆ ೧೨೦ ಡಿಗ್ರಿಯಂತೆ ಒಟ್ಟು ೨೪೦ ಡಿಗ್ರಿ ಕಾಣುತ್ತದೆ. ಮೂಗಿನ ನೇರಕ್ಕೂ ಬಾಲದ ನೇರಕ್ಕೂ ಕುರುಡು. ಸ್ವೀಡನ್ನಿನವರು ತಮ್ಮ ಹೊಸ ಗ್ರಿಪನ್ ವಿಮಾನದಲ್ಲಿ ಹಲಗೆಯನ್ನೇ ಓರೆಯಾಗಿ ಕೂರಿಸಿ ತಿರುಗಿಸುವ ಏರ್ಪಾಡನ್ನು ಮಾಡಿ ಈ ಕೊರತೆಯನ್ನು ತೀರಿಸಿಕೊಂಡಿದ್ದಾರೆ. ಓಡಿಸಿಬಿಟ್ಟ ಮೋಟಾರು ಹಿಂದಿನ ಬಾಗಿಲಿನಿಂದ ಮರಳಿ ಬಂದಿತೆನ್ನಬೇಕು!

ಇನ್ನೊಂದು ದೋಷವು ಶಾಖ. ಘಟಕಗಳಿಗೆ ಕೊಟ್ಟ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಅಲೆಯಾಗದೆ ಶಾಖವಾಗಿಬಿಡುತ್ತದೆ. ಒಲೆಯಂತೆ ಕಾಯುವ ಸಾವಿರ ಘಟಕಗಳ ನಡುವೆ ತಂಪು ದ್ರವವನ್ನು ಹರಿಸದಿದ್ದರೆ ಅವುಗಳ ಆಯುಸ್ಸು ತೀರುವುದು. ಸಣ್ಣ ವಿಮಾನದಲ್ಲಿ ಏಸಾ ರೇಡಾರನ್ನು ಕೂರಿಸುವುದೆಂದರೆ ಅದರ ತಂಪಿಗೂ ವಿದ್ಯುತ್ತಿಗೂ ಸ್ಥಳ ಹುಡುಕುವುದೆಂದೇ ಅರ್ಥ.

ಇನ್ನು ನಮ್ಮ ದೇಶದ ಕಥೆ. ಬೆಂಗಳೂರಿನ ಸಿ. ವಿ. ರಾಮನ್ ನಗರದಲ್ಲಿರುವ ರಕ್ಷಣಾ ಸಂಶೋಧನೆಯ ರೇಡಾರ್ ಸಂಸ್ಥೆಯು ಹಿಂದೂಸ್ಥಾನ್ ಏರೋನಾಟಿಕ್ಸಿನ ಹೈದರಾಬಾದ್ ವಿಭಾಗದೊಡನೆ ಸೇರಿ ತೇಜಸ್ಸಿಗೆಂದು ಹಳೆಯ ಮಾದರಿಯ, ತಿರುಗುವ ತಟ್ಟೆಯ ರೇಡಾರನ್ನು ತಯಾರಿಸಲು ತೊಡಗಿತು. ಕಾರ್ಯವು ವರ್ಷಾನುವರ್ಷ ಎಳೆಯಿತು; ಕಡೆಗೆ ಇಸ್ರೇಲಿನ ನೆರವು ಬೇಕಾಯಿತು. ವಿಮಾನವು ೨೦೦೧ರ ಜನವರಿ ೪ರಂದು ಬೆಂಗಳೂರಿನ ಆಕಾಶಕ್ಕೆ ಏರಿತಾದರೂ ಕಣ್ಣಿನ ಸಮಸ್ಯೆ ತೀರಲಿಲ್ಲ. ರೇಡಾರನ್ನು ಮುಚ್ಚುವ ಮೂಗಿನ ಟೋಪಿಯು ಅಲೆಗಳಿಗೆ ಪಾರದರ್ಶಕವಾಗಿರಬೇಕು. ಮೊದಲು ಮಾಡಿದ ಟೋಪಿಯು ಅಲೆಗಳನ್ನು ತಡೆದು ರೇಡಾರಿನ ನೋಟವನ್ನು ಬಹಳವಾಗಿ ತಗ್ಗಿಸುತ್ತಿದ್ದಿತು. ಕ್ವಾರ್ಟ್ಸ್ ನೂಲಿನ ಟೋಪಿಯನ್ನು ಬ್ರಿಟನ್ನಿನಿಂದ ತರಿಸಿದ ಮೇಲೆ ನೋಟವು ಸುಧಾರಿಸಿತು. ೨೦೨೧ರ ಫೆಬ್ರವರಿಯ ಕರಾರಿನಲ್ಲಿ ಗೊತ್ತಾದ ೮೩ ವಿಮಾನಗಳಲ್ಲಿ ಮೊದಲಿನವಕ್ಕೆ ಇಸ್ರೇಲಿನ ಏಸಾ ರೇಡಾರನ್ನೇ ನಿಶ್ಚಯಿಸಲಾಯಿತು. ಈ ಇತಿಹಾಸವನ್ನು ಮುಚ್ಚಿಟ್ಟು ‘ಉತ್ತಮ್’ ರೇಡಾರನ್ನು ಹೊಗಳುವುದು ನ್ಯಾಯವಲ್ಲ.

ಹಾಗಿದ್ದ ಮೇಲೆ ಕೊಂಡು ತಂದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಇಸ್ರೇಲಿನ ರೇಡಾರು ಒಳ್ಳೆಯದೇ, ಫ್ರಾನ್ಸಿನದೂ ಒಳ್ಳೆಯದೇ. ಆದರೆ ಏಸಾ ರೇಡಾರಿನಲ್ಲಿ ಕೊಳ್ಳುವ ವಸ್ತುವು ಹಲಗೆಯಲ್ಲ. ಕಿರಣವು ಎಲ್ಲಿ, ಯಾವಾಗ, ಯಾವ ಆವರ್ತನದಲ್ಲಿ ಹಾರಬೇಕು, ಬಂದ ಮಾರ್ದನಿಯಲ್ಲಿ ನಿಜವಾವುದು ಸುಳ್ಳಾವುದು ಎಂಬುದನ್ನೆಲ್ಲ ನಿರ್ಧರಿಸುವುದು ಗಣಕದೊಳಗಿನ ಬರವಣಿಗೆ. ಮಾರುವವನು ಹಲಗೆಯನ್ನು ಕೊಡುತ್ತಾನೆ. ಬರವಣಿಗೆಗೆ ಬೀಗ ಹಾಕಿ ಕೀಲಿಯನ್ನು ತನ್ನಲ್ಲಿಟ್ಟುಕೊಳ್ಳುತ್ತಾನೆ. ಶತ್ರುವು ಹೊಸ ಮೋಸವೊಂದನ್ನು ಕಲಿತನೆಂದರೆ ಅದಕ್ಕೆ ಉತ್ತರವನ್ನು ಬರೆಯಲು ಮಾರಿದವನ ಬಾಗಿಲಿಗೆ ಹೋಗಬೇಕು. ನಮ್ಮಲ್ಲಿಯೇ ಆದ ಹೊಸ ಕ್ಷಿಪಣಿಯನ್ನು ಆ ರೇಡಾರಿನೊಡನೆ ಮಾತನಾಡಿಸಬೇಕಾದರೂ ಅವನ ಒಪ್ಪಿಗೆ ಬೇಕು. ಬಾಗಿಲು ಎಂದಿಗೂ ತೆರೆದೇ ಇರುವುದೆಂಬ ಭರವಸೆಯಿಲ್ಲ. ೧೯೯೮ರಲ್ಲಿ ಪೋಖ್ರಣ್ ಪರೀಕ್ಷೆಗಳಾದ ಮೇಲೆ ಅಮೆರಿಕವು ನಿರ್ಬಂಧ ವಿಧಿಸಿದಾಗ, ತೇಜಸ್ಸಿನ ಹಾರಾಟ ನಿಯಂತ್ರಣಕ್ಕಾಗಿ ಅಲ್ಲಿ ಕೆಲಸಮಾಡುತ್ತಿದ್ದ ನಮ್ಮ ಎಂಜಿನಿಯರುಗಳು ಹಿಂದಿರುಗಿ ಬರಬೇಕಾಯಿತು. ಆ ಬರವಣಿಗೆಯನ್ನು ಬೆಂಗಳೂರಿನಲ್ಲಿ ಕೂತು ಮುಗಿಸಬೇಕಾಯಿತು. ವಿಮಾನವು ಅದರಿಂದ ತಡವಾಯಿತು, ನಿಜ. ಆದರೆ ಇಂದು ಆ ಭಾಗದ ಕೀಲಿಯು ನಮ್ಮ ಕೈಯಲ್ಲಿದೆ. ರೇಡಾರಿನ ವಿಷಯದಲ್ಲಿಯೂ ಸರ್ಕಾರವು ನೋಡಬೇಕಾದ ಲೆಕ್ಕವು ಇದೇ ಎಂದು ನಮ್ಮ ಅಭಿಪ್ರಾಯ. ತತ್ಕಾಲದ ಬೆಲೆಯ ಅಂತರವಲ್ಲ.

ಬರವಣಿಗೆಯಷ್ಟೇ ಮುಖ್ಯವಾದುದು ಘಟಕ. ಒಂದು ರೇಡಾರಿಗೆ ನೂರಾರು ಘಟಕಗಳು ಬೇಕು, ನೂರು ವಿಮಾನಗಳಿಗೆ ಹತ್ತಾರು ಸಾವಿರ; ಎಲ್ಲವೂ ಒಂದರಂತೆ ಒಂದು ಇರಬೇಕು. ಪ್ರಯೋಗಶಾಲೆಯಲ್ಲಿ ಹತ್ತು ಒಳ್ಳೆಯ ಘಟಕಗಳನ್ನು ಮಾಡುವುದಕ್ಕೂ ಕಾರ್ಖಾನೆಯಲ್ಲಿ ಹತ್ತು ಸಾವಿರ ಮಾಡುವುದಕ್ಕೂ ಬಹಳ ದೂರವಿದೆ. ಇವುಗಳ ಹೃದಯವು ಗ್ಯಾಲಿಯಂ ಆರ್ಸೆನೈಡ್ ಎಂಬ ಪದಾರ್ಥದ ಚಿಪ್ಪು. ಅದನ್ನು ತಯಾರಿಸುವ ರಕ್ಷಣಾ ಇಲಾಖೆಯ ಕೇಂದ್ರವೊಂದು ಹೈದರಾಬಾದಿನಲ್ಲಿದೆ. ಗ್ಯಾಲಿಯಂ ನೈಟ್ರೈಡ್ ಎಂಬ ಹೊಸ ಪದಾರ್ಥವು ಅಷ್ಟೇ ಸ್ಥಳದಲ್ಲಿ ಹಲವು ಮಡಿ ಶಕ್ತಿಯನ್ನು ಹೊರಡಿಸಬಲ್ಲುದು, ಹೆಚ್ಚಿನ ಶಾಖವನ್ನೂ ತಾಳಬಲ್ಲುದು. ಮುಂದಿನ ರೇಡಾರುಗಳು ಅದರವೇ ಆಗುವುವು.

ಈ ಎರಡಕ್ಕೂ ಮೂಲವಾದ ಗ್ಯಾಲಿಯಂ ಲೋಹಕ್ಕೆ ನಮ್ಮ ನಾಡಿನೊಡನೆ ಒಂದು ವಿಚಿತ್ರವಾದ ನಂಟಿದೆ. ರಷ್ಯದ ಮೆಂಡೆಲೀವನು ಅದನ್ನು ಯಾರೂ ಕಾಣುವ ಮೊದಲೇ ೧೮೭೧ರಲ್ಲಿ ಅದರ ಗುಣಗಳನ್ನು ಹೇಳಿ, ಸಂಸ್ಕೃತದ ಶಬ್ದವನ್ನು ಎರವಲು ಪಡೆದು ‘ಏಕ-ಅಲ್ಯೂಮಿನಿಯಂ’ ಎಂದು ಹೆಸರಿಟ್ಟಿದ್ದನು. ೧೮೭೫ರಲ್ಲಿ ಫ್ರಾನ್ಸಿನಲ್ಲಿ ಅದು ದೊರೆಯಿತು. ೩೦ ಡಿಗ್ರಿಗಿಂತ ತುಸು ಕಡಮೆ ಶಾಖಕ್ಕೇ ಕರಗುವುದರಿಂದ ಅಂಗೈಯಲ್ಲಿಟ್ಟುಕೊಂಡರೆ ನೀರಾಗುತ್ತದೆ. ಇದಕ್ಕೆಂದು ಬೇರೆ ಗಣಿಯಿಲ್ಲ. ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆಯುವಾಗ ಉಳಿಯುವ ದ್ರಾವಣದಲ್ಲಿ ಅತ್ಯಲ್ಪವಾಗಿ ಬೆರೆತಿರುತ್ತದೆ. ಹಲವು ದೇಶಗಳು ಲಾಭವಿಲ್ಲವೆಂದು ಅದನ್ನು ತೆಗೆಯುವುದನ್ನೇ ಬಿಟ್ಟವು. ಬಿಡದೆ ತೆಗೆದ ಚೀನಾ ದೇಶವು ಪ್ರಪಂಚದ ಗ್ಯಾಲಿಯಮ್ಮಿನ ಬಹುಪಾಲಿಗೆ ಒಡೆಯನಾಗಿ, ೨೦೨೩ರ ಆಗಸ್ಟ್ ೧ರಿಂದ ಅದರ ರಫ್ತಿಗೆ ಪರವಾನಗಿಯನ್ನು ವಿಧಿಸಿತು. ಒಡಿಶಾದಲ್ಲಿ ಬಾಕ್ಸೈಟ್ ಯಥೇಚ್ಛವಾಗಿದೆ. ಅಲ್ಯೂಮಿನಾ ತಯಾರಿಸುವ ಕಾರ್ಖಾನೆಯು ಬೆಳಗಾವಿಯಲ್ಲಿಯೂ ಉಂಟು. ತೇಜಸ್ಸಿನ ಹೊಸ ಕರಾರಿನ ಪ್ರಕಾರ ವಿಮಾನಗಳು ೨೦೨೭-೨೮ರಿಂದ ಮೊದಲಾಗಿ ಆರು ವರ್ಷಗಳಲ್ಲಿ ಬರತಕ್ಕವು. ಅವುಗಳ ಕಣ್ಣಿಗೆ ಬೇಕಾದ ಗ್ಯಾಲಿಯಂ ಯಾವ ದ್ರಾವಣದಿಂದ ಬರಬೇಕೆಂಬುದನ್ನು ಆ ಆರು ವರ್ಷಗಳಿಗೆ ಮೊದಲೇ ನಿಶ್ಚಯಿಸಬೇಕಾಗುತ್ತದೆ.